ಎರಡನೇ ಬ್ರೇಕು

ಕಾರು ಕಲಿಸುವ ಮೇಷ್ಟ್ರಿಗೆ ಊರಿನವರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಮೂವತ್ತು ವರ್ಷದಿಂದ ಒಂದೇ ಕಸುಬು, ಒಂದೇ ಕಟ್ಟುನಿಟ್ಟು. ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೇಜು, ಗೋಡೆಯ ತುಂಬ ರಸ್ತೆ ಚಿಹ್ನೆಗಳ ಚಾರ್ಟು, ಕೆಳಗೆ ಬಿಳಿ ಬಣ್ಣದ ಹಳೇ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕಿದ್ದರೆ, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಬಳಿ ಇನ್ನೊಂದು. ಕಲಿಸುವ ಕಾರುಗಳಲ್ಲಿ ಇದು ಇದ್ದದ್ದೇ. ಬೇರೆ ಮೇಷ್ಟ್ರುಗಳು ಅದನ್ನು ಆಪತ್ತಿಗೆಂದು ಇಟ್ಟುಕೊಂಡರೆ, ನಮ್ಮ ಮೇಷ್ಟ್ರ ಬಲಗಾಲು ಅದರ ಮೇಲೇ ಬೀಡುಬಿಟ್ಟಿತ್ತು. ನೂರು ಗಜ ದೂರದಲ್ಲಿ ನಾಯಿ ಕಂಡರೂ ಒತ್ತು. ಸಿಗ್ನಲ್ ಹಳದಿಗೆ ತಿರುಗುವ ಮೊದಲೇ ಒತ್ತು. ಅವರ ಬಲಗಾಲಿನ ಶೂ ಎಡಗಾಲಿನದಕ್ಕಿಂತ ಆರು ತಿಂಗಳು ಮೊದಲೇ ಸವೆಯುತ್ತಿತ್ತು.

ಭಾನುವಾರ ಅವರು ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅಲ್ಲಿಯೂ ವಿಷಯ ಹೆಚ್ಚುಕಡಿಮೆ ಅದೇ: ವಿಧೇಯತೆ. ದೇವರು ಹೇಳಿದ್ದಕ್ಕೆ ಎದುರಾಡಬೇಡಿ, ಅಪ್ಪ ಅಮ್ಮ ಹೇಳಿದ್ದಕ್ಕೆ ಎದುರಾಡಬೇಡಿ, ಕಿಟಕಿ ಪಕ್ಕ ಕೂತವರು ಹೊರಗೆ ನೋಡಬೇಡಿ. ಈ ಪಾಠವನ್ನು ಚಾಚೂತಪ್ಪದೆ ಪಾಲಿಸಿದವಳು ಅವರ ಒಬ್ಬಳೇ ಮಗಳು. ನರ್ಸ್ ಕೆಲಸ ಮಾಡುವ ಇಪ್ಪತ್ತಾರರ ಹೆಣ್ಣು, ಡ್ಯೂಟಿ ಮುಗಿದ ಮೇಲೆ ಗೆಳತಿಯ ಮನೆಗೆ ಹೋಗಬೇಕಾದರೂ ಫೋನ್ ಮಾಡಿ "ಹೋಗ್ಲಾ ಅಪ್ಪ?" ಅನ್ನುತ್ತಿದ್ದಳು. ಬೇಡ ಅಂದರೆ ಮರುಮಾತಿಲ್ಲ. ಎಂಥಾ ಮಗಳು ಎಂದು ಚರ್ಚಿನವರೆಲ್ಲ ಹೊಗಳುತ್ತಿದ್ದರು, ಮೇಷ್ಟ್ರು ಉಬ್ಬಿಹೋಗುತ್ತಿದ್ದರು.

ಅಂಥ ಮಗಳಿಗೆ ಒಂದು ಆಸೆ ಹುಟ್ಟಿತು. ಬೆಟ್ಟದ ಮೇಲಿನ ಹಳ್ಳಿಗಳಿಗೆ ಔಷಧಿ ಒಯ್ಯುವ ಚರ್ಚಿನ ವ್ಯಾನಿಗೆ ಒಬ್ಬ ನರ್ಸ್ ಬೇಕಾಗಿತ್ತು; ವ್ಯಾನನ್ನೂ ಅವಳೇ ಓಡಿಸಬೇಕು. ಮೂರು ತಿಂಗಳೊಳಗೆ ಲೈಸೆನ್ಸ್ ತಂದರೆ ಕೆಲಸ ಅವಳದು, ಇಲ್ಲವಾದರೆ ಬೇರೆಯವರದು. ಮೇಷ್ಟ್ರು ಒಲ್ಲದ ಮನಸ್ಸಿನಿಂದ ಹೂಂ ಅಂದರು. ಊರಿಗೆಲ್ಲ ಕಲಿಸುವವರು ಸ್ವಂತ ಮಗಳಿಗೆ ಕಲಿಸದಿದ್ದರೆ ನಾಲ್ಕು ಜನ ಏನಂದಾರು?

ಮಗಳು ಮೂರು ಸಲ ಪರೀಕ್ಷೆಗೆ ಹೋದಳು, ಮೂರು ಸಲವೂ ಫೇಲು. ಮೂರನೇ ಸಲ ಪರೀಕ್ಷೆ ಮಾಡುವ ಅಧಿಕಾರಿ ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನಿಮ್ಮ ಹತ್ರ ಕಲಿತು ಬಂದವರೆಲ್ಲ ಹೀಗೇ. ರೂಲ್ಸು ಅರೆದು ಕುಡಿದಿರ್ತಾರೆ. ಆದ್ರೆ ನಮ್ಮ ಕಾರಲ್ಲಿ ಎರಡನೇ ಬ್ರೇಕ್ ಇಲ್ಲ ನೋಡಿ. ಏನಾದ್ರೂ ಅಡ್ಡ ಬಂದ್ರೆ ಕಾರು ತಾನೇ ನಿಲ್ಲುತ್ತೆ ಅಂತ ಕೂತಿರ್ತಾರೆ. ನಿಮ್ಮ ಮಗಳೂ ಅಷ್ಟೇ. ಇವತ್ತು ನಾನು ಹ್ಯಾಂಡ್ ಬ್ರೇಕ್ ಎಳೀದೇ ಇದ್ದಿದ್ರೆ ಗೋಡೆಗೆ ಗುದ್ದಿರ್ತಿದ್ವಿ."

ಮೇಷ್ಟ್ರ ಮುಖ ಸಪ್ಪಗಾಯಿತು. ಆದರೆ ಸುಳ್ಳು ಯಾಕೆ, ಮಗಳು ಇನ್ನು ಬೆಟ್ಟ ಹತ್ತುವುದಿಲ್ಲ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಹಾಯೆನಿಸಿದ್ದೂ ಹೌದು. ಆ ಮೂಲೆಯನ್ನು ಅವರ ಹೆಂಡತಿ ಮುಖ ನೋಡಿಯೇ ಪತ್ತೆಹಚ್ಚಿದರು. ತರಕಾರಿ ಹೆಚ್ಚುತ್ತಾ ಕೇಳಿದರು, "ಒಳಗೊಳಗೇ ಖುಷಿ ಅಲ್ವಾ ನಿಮಗೆ?"

"ಅವಳ ಒಳ್ಳೇದಕ್ಕೇ ಕಣೇ. ಆ ದಾರೀಲಿ ಏನಾದ್ರೂ ಆದ್ರೆ?"

"ಆಗ್ಬಹುದು. ವರ್ಷಾ ವರ್ಷ ಮಕ್ಕಳಿಗೆ ಏದೆನ್ ತೋಟದ ಪಾಠ ಮಾಡ್ತೀರಲ್ಲ, ಆ ಹಣ್ಣಿನ ಮರಕ್ಕೆ ದೇವರು ಬೇಲಿ ಹಾಕಿದ್ರಾ?"

"ಇಲ್ಲ. ತಿನ್ನಬೇಡಿ ಅಂದ್ರು, ಅಷ್ಟೆ."

"ತೋಟದಲ್ಲಿದ್ದ ಆ ಗಂಡ ಹೆಂಡತಿ ಇಬ್ಬರ ಕೈಗೂ ಹಗ್ಗ ಬಿಗಿದಿದ್ರೆ ಅವರು ತಿಂತಾನೇ ಇರ್ಲಿಲ್ಲ. ಆದ್ರೆ ಅದನ್ನ ಮಾತು ಕೇಳೋದು ಅಂತಾರಾ ರೀ? ಬಿಡಿ, ನೀವು ದೇವರಿಗಿಂತ ಹುಷಾರು." ಇಷ್ಟು ಹೇಳಿ ಆಕೆ ಹೆಚ್ಚಿದ ತರಕಾರಿ ಎತ್ತಿಕೊಂಡು ಒಲೆಯ ಕಡೆ ನಡೆದರು.

ಮೇಷ್ಟ್ರು ಇಂಗು ತಿಂದ ಮಂಗನಂತೆ ಕೂತರು. ಆ ಪಾಠವನ್ನು ಇಷ್ಟು ವರ್ಷ ಹೇಳಿದ್ದರೂ ಅವರ ಕಣ್ಣು ಹಣ್ಣಿನ ಮೇಲೇ ಇತ್ತು. ಬೇಲಿಯಿಲ್ಲದ ಮರ ಕಂಡದ್ದು ಇವತ್ತು. ಮಗಳು ನಿಜಕ್ಕೂ ತಮ್ಮ ಮಾತು ಕೇಳಿದವಳೋ, ಕೇಳದೇ ಇರಲು ಅವಕಾಶವೇ ಸಿಗದವಳೋ? ಉತ್ತರ ಹೊಳೆದು ಅವರಿಗೆ ತುಂಬಾ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕಾರಿನೊಳಗೆ ತಲೆ ತೂರಿಸಿದರು. ತಮ್ಮ ಕಡೆಯ ಪೆಡಲನ್ನು ಬಿಚ್ಚಿ ಡಿಕ್ಕಿಗೆ ಹಾಕಿದರು. ಖಾಲಿ ಜಾಗ ನೋಡಿ ಮಗಳು ಬೆಚ್ಚಿದಳು.

"ಅಪ್ಪ, ನಾನು ನಿಲ್ಲಿಸದೇ ಇದ್ರೆ?"

"ನಿಲ್ಲಿಸ್ತೀಯ," ಅಂದರು ಮೇಷ್ಟ್ರು. ಹಾಗೆಂದರೂ ಆ ನಂಬಿಕೆ ಅವರಲ್ಲಿ ಸಾಸಿವೆ ಕಾಳಿನಷ್ಟೂ ಇರಲಿಲ್ಲ.

ಆಸ್ಪತ್ರೆಯ ಮುಂದಿನ ಇಳಿಜಾರಿನಲ್ಲಿ ಊರುಗೋಲಿನ ಅಜ್ಜಿಯೊಬ್ಬಳು ಅತ್ತಿತ್ತ ನೋಡದೆ ರಸ್ತೆಗಿಳಿದಳು. ಮೇಷ್ಟ್ರ ಬಲಗಾಲು ಬರಿನೆಲವನ್ನು ಬಲವಾಗಿ ತುಳಿಯಿತು. ಬಾಯಿಗೆ ಬಂದ ಕೂಗನ್ನು ಹಲ್ಲುಕಚ್ಚಿ ತಡೆದರು. ಕಾರು ನಿಂತಿತು. ಅಜ್ಜಿಗೂ ಕಾರಿಗೂ ನಡುವೆ ಇನ್ನೊಂದು ಕಾರು ಹಿಡಿಯುವಷ್ಟು ಜಾಗ ಉಳಿದಿತ್ತು. ಅದು ತಮ್ಮ ಕಾಲಿನಿಂದ ನಿಂತಿದ್ದಲ್ಲ ಎಂದು ಅರ್ಥವಾಗಲು ಮೇಷ್ಟ್ರಿಗೆ ಒಂದು ಗಳಿಗೆ ಬೇಕಾಯಿತು.

"ನಾನೇ ನಿಲ್ಲಿಸ್ದೆ ಅಪ್ಪ!" ಮಗಳು ನಗುತ್ತಿದ್ದಳು. ಮೇಷ್ಟ್ರು ಕತ್ತಿನ ಬೆವರು ಒರೆಸಿಕೊಂಡು ಹೂಂ ಅಂದರು. ಅಪ್ಪನ ಭಯಕ್ಕಲ್ಲ, ಆ ಅಜ್ಜಿಗಾಗಿ ಅವಳು ನಿಲ್ಲಿಸಿದ್ದಳು.

ಹತ್ತು ದಿನ ಹೀಗೇ ಓಡಿಸಿದ ಮೇಲೆ, ಗಡುವು ಮುಗಿಯಲು ಎರಡು ದಿನ ಇರುವಾಗ, ನಾಲ್ಕನೇ ಪರೀಕ್ಷೆಯಲ್ಲಿ ಪಾಸಾದಳು.

ವ್ಯಾನು ಹೊರಡುವ ದಿನ ಮೇಷ್ಟ್ರ ಜೇಬಿನಲ್ಲಿ ಎರಡು ಹಾಳೆ ತುಂಬ ಬುದ್ಧಿಮಾತು ಬರೆದದ್ದಿತ್ತು. ಇಂಥ ತಿರುವಿನಲ್ಲಿ ಹಾರ್ನು, ಇಂಥ ಕಡೆ ಗೇರು. ಕೈ ಪದೇ ಪದೇ ಜೇಬಿಗೆ ಹೋಗುತ್ತಿತ್ತು, ಹಾಳೆ ಮಾತ್ರ ಹೊರಗೆ ಬರಲಿಲ್ಲ. ಔಷಧಿ ಡಬ್ಬಗಳನ್ನೆಲ್ಲ ಏರಿಸಿ ಮಗಳು "ಬರ್ತೀನಿ ಅಪ್ಪ" ಅಂದಳು. "ಹೋಗ್ಲಾ?" ಅನ್ನಲಿಲ್ಲ. ವ್ಯಾನು ಚರ್ಚಿನ ಗೇಟು ದಾಟಿತು, ನಿಂತಿತು, ಅಚ್ಚುಕಟ್ಟಾಗಿ ಹಿಂದಕ್ಕೆ ಬಂದು ಅವರ ಪಕ್ಕದಲ್ಲಿ ನಿಂತಿತು. ಗಾಜು ಇಳಿಯಿತು.

"ಅಪ್ಪ, ಬೆಟ್ಟ ಇಳಿಯುವಾಗ ಏನು ಮಾಡ್ಬೇಕು? ಒಂದ್ಸಲ ಹೇಳಿ."

"ನಿನಗೆ ಗೊತ್ತಲ್ಲಮ್ಮ."

"ಗೊತ್ತು. ಆದ್ರೂ ನೀವು ಹೇಳಿ, ಹಾಗೇ ಮಾಡ್ಬೇಕು ಅಂತ ಆಸೆ."

ಇಪ್ಪತ್ತಾರು ವರ್ಷ ಅವಳು ಅವರ ಮಾತು ಮೀರಿರಲಿಲ್ಲ. ಆ ಮಾತು ಬೇಕೆಂದು ತಾನಾಗಿ ಕೇಳಿದ್ದು ಇದೇ ಮೊದಲು. ಮೇಷ್ಟ್ರು ಕಿಟಕಿಯ ಹತ್ತಿರ ಬಗ್ಗಿದರು.

"ಸೆಕೆಂಡ್ ಗೇರಲ್ಲಿ ಇಳಿ ಮಗಳೇ," ಅಂದರು. "ಎಲ್ಲಿ ನಿಲ್ಲಿಸ್ಬೇಕು ಅನ್ನೋದು ನಿನಗೇ ಬಿಟ್ಟಿದ್ದು."