ಹಳೆಯದು ಮುಂದೆ, ಹೊಸದು ಹಿಂದೆ

ಸಾವ್ಕಾರ್ರ ಬಲಗೈ ತೋರುಬೆರಳಿನ ಮಡಿಕೆಯಲ್ಲಿ ಕೊರೆದು ಮಾಡಿದಂಥ ಒಂದು ಗೆರೆ ಇತ್ತು. ಜೀವಮಾನವೆಲ್ಲ ಬೆಲ್ಲ, ಬೇಳೆ, ಜೀರಿಗೆಯ ಪೊಟ್ಟಣಗಳಿಗೆ ದಾರ ಸುತ್ತಿ, ಅದೇ ಬೆರಳಿಗೆ ಸಿಕ್ಕಿಸಿ ಪಟ್ಟನೆ ಹರಿದು ಆದ ಗೆರೆ. ಬೆರಳ ತುದಿಯೂ ಸವೆದು ನುಣ್ಣಗಾಗಿತ್ತು. ಮೊಬೈಲಿನ ಗಾಜಿಗೆ ಆ ಬೆರಳು ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಒತ್ತಿ, ಮೂರನೆಯ ಸಲ ನನ್ನ ಕಡೆ ಚಾಚುತ್ತಿದ್ದರು. "ನಿನ್ನ ಬೆರಳಿಗೆ ಮಾತು ಕೇಳ್ತತಿ, ನೀ ಒತ್ತವ್ವ."

ಆ ದಿನ ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ನಮ್ಮ ಯಜಮಾನರು ಕಾರ್ಖಾನೆಯ ಬಸ್ಸಿಗೆ ಹೋದರು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಟ್ಟೆ, ಮಂಡಕ್ಕಿ ನೆನೆಸಿ ಹಿಂಡಿ ಒಗ್ಗರಣೆ ಹಾಕಿದೆ. ಶೇಂಗಾ ಸಿಡಿಯುವ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು. ಬಂದವರು ಚಿಲಕ ಹಾಕಿ, ಎರಡು ಹೆಜ್ಜೆ ಬಂದು, ಮತ್ತೆ ಹಿಂದಿರುಗಿ ಅದನ್ನು ಜಗ್ಗಿ ನೋಡಿದರು. ಹಾಗೆ ನೋಡುವವರು ನಮ್ಮ ಸಾವ್ಕಾರ್ರು ಒಬ್ಬರೇ.

ಸಾವ್ಕಾರ್ರು ಎಂದರೆ ನಮ್ಮ ಬೀದಿಯ ಕಿರಾಣಿ ಅಂಗಡಿಯವರು. ಅಂಗಡಿ ಮಾರಿ ವರ್ಷಗಳಾದರೂ ನಾನು ಕೊನೆಯವರೆಗೂ ಅವರನ್ನು ಹಾಗೆಯೇ ಕರೆದೆ. ಹೊಸದಾಗಿ ಮದುವೆಯಾಗಿ ಹೊಸಪೇಟೆಗೆ ಬಂದಾಗ ನನಗೆ ಎಲ್ಲದಕ್ಕೂ ಹೆದರಿಕೆ. ಕಾನ್ವೆಂಟಿನಲ್ಲಿ ಓದಿದವಳು, ನನ್ನ ಕನ್ನಡ ಪುಸ್ತಕದ್ದು. ಅಂಗಡಿಯ ಮೆಟ್ಟಿಲ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದೆ. ಅವರು ಒಮ್ಮೆ ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆ ಎತ್ತಿ, "ಒಳಗ ಬಾ ಯವ್ವಾ, ನಿನಗ ಬೇಕಾದ್ದು ನೀನ ತೊಗೊ" ಎಂದರು. ಅಕ್ಕಿಯನ್ನಂತೂ ಒಮ್ಮೆಗೇ ಕೊಡುತ್ತಲೇ ಇರಲಿಲ್ಲ. ಎಮ್ಮಿಗನೂರಿನ ಹೊಸ ಅಕ್ಕಿ ಬಂದರೆ ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿ, "ಮೊದ್ಲ ಅನ್ನ ಮಾಡಿ ನೋಡು, ಆಮ್ಯಾಲ ಹೇಳು" ಎನ್ನುವರು. ಈ ಊರಿನಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲಿಗರು ಅವರು.

ಮುಖ್ಯರಸ್ತೆಯಲ್ಲಿ ಸೂಪರ್ ಮಾರ್ಕೆಟ್ ಬಂತು. ಅವರಲ್ಲೇ ಸಾಮಾನು ಕೊಳ್ಳುತ್ತಿದ್ದ ಕಡ್ಡಿರಾಂಪುರದ ಹೋಂಸ್ಟೇಗಳವರು ಮೊದಲು ಅತ್ತ ತಿರುಗಿದರು. ಆಮೇಲೆ ಬೀದಿಯವರೂ ಹೋದರು, ನಾನೂ ಹೋದೆ. ಸಾವ್ಕಾರ್ರು ಯಾರನ್ನೂ ಬೈಯಲಿಲ್ಲ. ತಾವೇ ದಿನಾ ಆ ಅಂಗಡಿಗೆ ಹೋಗಿ, ಏನೂ ಕೊಳ್ಳದೆ, ಕೈ ಹಿಂದೆ ಕಟ್ಟಿಕೊಂಡು ಕಪಾಟುಗಳ ನಡುವೆ ಅಡ್ಡಾಡಿ ಬರುತ್ತಿದ್ದರು. ಒಂದು ದಿನ ನನಗೆ ಹೇಳಿದರು, "ಆ ಮಂದಿ ಹಳೇದು ಮುಂದ, ಹೊಸದು ಹಿಂದ ಇಡ್ತಾರ, ಮಾಲು ಕೆಡೂದಿಲ್ಲ. ನಮ್ಮಪ್ಪ ನನಗ ಕಲಿಸಿದ್ದು ಅದ. ಹಂಗ ಇಡೋರಿಗೆ ಸೋತ್ರ ನಾಚಿಕಿಲ್ಲ." ಆ ವರ್ಷವೇ ಅಂಗಡಿ ಮಾರಿ, ಬಂದದ್ದನ್ನೆಲ್ಲ ಆ ಸೂಪರ್ ಮಾರ್ಕೆಟ್ ಕಂಪನಿಯ ಷೇರಿಗೆ ಹಾಕಿದರು. ಪೂರ್ತಿ ಅಷ್ಟನ್ನೂ, ಅದೊಂದಕ್ಕೇ. ಗಂಡಹೆಂಡಿರ ಮುಪ್ಪು, ಔಷಧಿ, ಉಪ್ಪು, ಹುಳಿ ಎಲ್ಲ ಅದರ ಮೇಲೆ ನಿಂತಿತ್ತು.

ಷೇರಿನ ಸುದ್ದಿಗಳು ಇಂಗ್ಲಿಷಿನಲ್ಲಿ ಇರುತ್ತಿದ್ದವು. ಅದಕ್ಕೇ ಅವರು ಬೆಳಿಗ್ಗೆ ಬೆಳಿಗ್ಗೆ ನಮ್ಮ ಮನೆಗೆ ಬರುತ್ತಿದ್ದದ್ದು. ಗಟ್ಟಿಯಾಗಿ ಓದಿಸಿ ಓದಿಸಿ ಬೆಳೆಸಿದ ಕಾನ್ವೆಂಟಿನ ಸಿಸ್ಟರುಗಳಿಗೆ, ಅವರು ಕಲಿಸಿದ ಓದು ಹೀಗೆ ಉಪಯೋಗಕ್ಕೆ ಬಂತೆಂದು ಗೊತ್ತಾಗಿದ್ದರೆ ಏನನ್ನುತ್ತಿದ್ದರೋ.

"ಓದವ್ವ," ಎಂದು ಆ ದಿನವೂ ಮೊಬೈಲ್ ಕೊಟ್ಟರು.

ಓದುತ್ತ ಕನ್ನಡಕ್ಕೆ ತಿರುಗಿಸುತ್ತ ಹೋದೆ. ಸೂಪರ್ ಮಾರ್ಕೆಟ್ ಕಂಪನಿಗಳ ನಡುವೆ ಪೈಪೋಟಿ ವಿಪರೀತವಾಗಿದೆ. ಒಂದು ಇರುವ ರಸ್ತೆಯಲ್ಲೇ ಇನ್ನೊಂದು ತೆರೆಯುತ್ತಿದೆ, ಅದೂ ಸಣ್ಣ ಊರುಗಳಲ್ಲಿ. ಗಿರಾಕಿ ಜಾರದಿರಲೆಂದು ಎಲ್ಲರೂ ದರ ಇಳಿಸುತ್ತಾರೆ, ವ್ಯಾಪಾರ ಹೆಚ್ಚಿದರೂ ಲಾಭ ಸವೆಯುತ್ತದೆ. ನಮ್ಮ ಸಾವ್ಕಾರ್ರ ಕಂಪನಿಯ ಹೆಸರು ಹಿಡಿದೇ ಬರೆದಿದ್ದರು. ಒಬ್ಬ ದೊಡ್ಡ ಹೂಡಿಕೆದಾರ, ಇದು ತಡೆದುಕೊಳ್ಳುತ್ತದೆ, ಕಾಯಬೇಕು ಎಂದಿದ್ದ. ಇನ್ನಿಬ್ಬರು ಸಿಕ್ಕ ಬೆಲೆಗೆ ಹೊರಬನ್ನಿ ಎಂದಿದ್ದರು.

"ಮೆತ್ತಗ ಮಾಡಿ ಹೇಳಬ್ಯಾಡ."

"ಇಲ್ರೀ, ಇದ್ದ ಹಾಗೇ ಹೇಳಿದ್ದು."

"ಹೊರಗ ಬರ್ರಿ ಅಂದಾವ್ರು ಎಲ್ಲಿಯಾವ್ರು?"

"ಮುಂಬಯಿಯವರು."

"ಹೊಸಪ್ಯಾಟಿ ನೋಡ್ಯಾರಂತೇನು?"

ಇಂಥ ಮಾತು ಹೇಳಿ ತಾವೇ ಮೊದಲು ನಗುವುದು ಅವರ ರೂಢಿ. ಅಂದು ನಗಲಿಲ್ಲ. ಒಗ್ಗರಣೆಯ ತಟ್ಟೆಯನ್ನು ಒಂದು ತುತ್ತೂ ತಿನ್ನದೆ ಕಟ್ಟೆಯ ಮೇಲಿಟ್ಟರು.

ಅವರ ಕಂಪನಿಯ ಅಂಗಡಿಗೆ ಎದುರಾಗಿ ಇನ್ನೊಂದು ಕಂಪನಿ ಮಳಿಗೆ ತೆರೆದು ವಾರವಾಗಿತ್ತು. ಬಾಗಿಲಿಗೆ ಬಲೂನು, ಮೈಕಿನಲ್ಲಿ ಹಾಡು. ಸಂಡೂರಿನಿಂದ ಕೂಡ ಮಂದಿ ಬಂದು ಚೀಲ ತುಂಬಿಸಿಕೊಂಡು ಹೋಗುತ್ತಿದ್ದರು. ಸಾವ್ಕಾರ್ರು ಅಲ್ಲಿ ಕಾಲಿಟ್ಟಿರಲಿಲ್ಲ, ಇಡುವುದೂ ಇಲ್ಲ ಎಂದಿದ್ದರು. ದರ ಎಷ್ಟು ಕಮ್ಮಿಯಂತೆ ಎಂದು ಯಾರಾದರೂ ಹೇಳಿದರೆ ಅವರದು ಒಂದೇ ಉತ್ತರ. "ಅಗ್ಗ ಮಾರಾವ್ರಿಗೆ ನಾ ಅಂಜೂದಿಲ್ಲ. ಅಗ್ಗ ಎಷ್ಟ ದಿನ ಮಾರ್ತಾರ? ಎದುರಿನ ಅಂಗ್ಡ್ಯಾಗಿನ ಮಂದಿ ಚಲೋ ಇದ್ರ ಮಾತ್ರ ಅಂಜಬೇಕು ನೋಡು."

"ನಡಿಯವ್ವ, ನಮ್ಮ ಅಂಗಡಿ ನೋಡಿ ಬರೂಣು. ಆಮ್ಯಾಲ ಮಾರೂದೋ ಇಡೂದೋ ಇವತ್ತ ತೀರ್ಮಾನ ಮಾಡ್ತೀನಿ," ಎಂದರು. ಮೂರೂವರೆಗೆ ಷೇರುಪೇಟೆ ಮುಚ್ಚುತ್ತದೆ. ಅದರೊಳಗೆ ಆಗಬೇಕು.

ಅವರ ಕಂಪನಿಯ ಅಂಗಡಿಯೊಳಗೆ ತಣ್ಣಗಿತ್ತು, ಗಿರಾಕಿಗಳು ಕಮ್ಮಿ. ಬಿಲ್ಲಿನ ಕೌಂಟರುಗಳಲ್ಲಿ ಒಂದರ ಮುಂದೆ ಮಾತ್ರ ಜನ. ಅವರು ಯಾವುದನ್ನೂ ನೋಡದೆ ನೆಟ್ಟಗೆ ಮೊಸರಿನ ಫ್ರಿಜ್ಜಿನ ಮುಂದೆ ನಿಂತರು. ಮುಂದಿನ ಡಬ್ಬಿ ಎತ್ತಿ ನನ್ನ ಕಣ್ಣಿನ ಹತ್ತಿರ ಹಿಡಿದರು, ತಾರೀಖು ಓದಲು. ಇವತ್ತೇ ಬಂದ ಮೊಸರು. ಕೈ ಒಳಗೆ ಹಾಕಿ ಹಿಂದಿನದನ್ನು ತೆಗೆದರು. ಅವಧಿ ನಾಳೆಗೆ ಮುಗಿಯುವಂಥದು. ಅದರ ಹಿಂದಿನದು ನಿನ್ನೆಗೇ ಮುಗಿದಿತ್ತು, ಮುಚ್ಚಳ ಉಬ್ಬಿತ್ತು.

ಅವರ ಮುಖ ನೋಡಿದೆ. ಸಾವಿನ ಸುದ್ದಿ ಕೇಳಿದವರ ಮುಖ ಹಾಗಿರುತ್ತದೆ. ಡಬ್ಬಿಗಳನ್ನು ಒಂದೊಂದೇ ಹೊರಗೆ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟರು. ಹಳೆಯದು ಮುಂದೆ, ಹೊಸದು ಹಿಂದೆ ಜೋಡಿಸತೊಡಗಿದರು. ಉಬ್ಬಿದ್ದನ್ನು ಬೇರೆ ಇಟ್ಟರು.

"ಏ ಅಜ್ಜಾ! ಏನ್ ಮಾಡಾಕತ್ತೀರಿ? ಕೈ ತಗೀರಿ ಮೊದ್ಲ." ಬಾಗಿಲ ಕಾವಲಿನವನು ಓಡಿ ಬಂದಿದ್ದ.

"ಹಿಂದಿನ ಮಾಲು ಕೆಡಾಕತ್ತತಿ, ತಮ್ಮಾ."

"ಅದನ್ನ ನೋಡಾಕ ನಾವದೀವಿ. ನಿಮಗ್ಯಾಕ ಉಸಾಬರಿ?"

"ಇದು ನಂದೂ ಐತಿ," ಎಂದರು ಸಾವ್ಕಾರ್ರು.

ಅವನು ಒಂದು ಗಳಿಗೆ ಅವರ ಪಂಚೆ, ಸವೆದ ಚಪ್ಪಲಿ ನೋಡಿ ಜೋರಾಗಿ ನಕ್ಕ. "ನಿಮ್ದಾ? ಹಂಗಾದ್ರ ನಿಮ್ಮ ಮನೀಗೆ ಒಯ್ದು ಜೋಡಸ್ಕೊರ್ರಿ." ಬಿಲ್ಲಿನ ಹತ್ತಿರ ನಿಂತವರೂ ನಕ್ಕರು. ಇವರು ಈ ಕಂಪನಿಯ ಷೇರುದಾರರು, ಮರ್ಯಾದೆಯಿಂದ ಮಾತಾಡಿ ಎನ್ನಬೇಕೆಂದು ಬಾಯಿ ತೆರೆದೆ. ಕನ್ನಡ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಅವರೇ ನನ್ನ ಮೊಣಕೈ ಹಿಡಿದು ಹೊರಗೆ ಕರೆತಂದರು.

ಫುಟ್‌ಪಾತಿನ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಅವರು ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದು ನನ್ನ ಕೈಗಿಟ್ಟು ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದರು.

"ಇದು ನನ್ನ ಬೆರಳಿಗೆ ಕೇಳೂದಿಲ್ಲ, ಖರೆ. ಆದ್ರ ಇವತ್ತು ನನ್ನ ಅಂಜಿಕಿಗೆ ಕೇಳಿದ್ರೂ ಕೇಳ್ತತಿ. ಸಂಜೀತನಕ ನಿನ್ ಹತ್ರ ಇರ್ಲಿ. ನಾ ಬಂದು ಬೇಡಿದ್ರೂ ಕೊಡಬ್ಯಾಡ."

ಹಿಂದೆ ಸಕ್ಕರೆಯ ದರ ಬಿದ್ದ ದಿನಗಳಲ್ಲಿ, ಹೆದರಿ ಮಾಲು ಮಾರಿಬಿಡಬಾರದೆಂದು, ಗೋದಾಮಿನ ಕೀಲಿಯನ್ನು ಹೆಂಡತಿಯ ಸೆರಗಿಗೆ ಕಟ್ಟಿ ಹೊರಗೆ ಹೋಗಿಬಿಡುತ್ತಿದ್ದರಂತೆ. ಅಂಜಿದ ಕೈಯಲ್ಲಿ ಕೀಲಿ ಇರಬಾರದು ಎನ್ನುವುದು ಅವರ ಕಟ್ಟುನಿಟ್ಟು. ಇಂದಿಗೂ ನನಗೆ ಗಾಬರಿಯಾದಾಗ ಕೈಯಲ್ಲಿರುವುದನ್ನು ಪಕ್ಕದವರಿಗೆ ಕೊಟ್ಟು ಒಂದು ಲೋಟ ನೀರು ಕುಡಿಯುತ್ತೇನೆ. ಅವರಿಂದ ಬಂದ ಬುದ್ಧಿ ಅದು.

"ನೀವು ಎಲ್ಲಿಗೆ ಹೋಗ್ತೀರಿ?" ಎಂದೆ.

"ಸ್ವಲ್ಪ ಅಡ್ಡಾಡಿ ಬರ್ತೀನಿ," ಎಂದು ಕಾಲುವೆಯ ಕಡೆ ತಿರುಗಿ ನಡೆದರು. ಹಿಂದಿರುಗಿ ನೋಡಲಿಲ್ಲ. ಚಿಲಕವನ್ನು ಎರಡು ಸಲ ನೋಡುವ ಮನುಷ್ಯ.

ಮನೆಗೆ ಬಂದು ಮೊಬೈಲನ್ನು ದೇವರ ಗೂಡಿನ ಕೆಳಗೆ ಇಟ್ಟೆ. ಅಲ್ಲಿಂದಲೇ ಬೆಳಗುತ್ತಿತ್ತು. ಆ ಕಂಪನಿಯ ಹೆಸರು, ಪಕ್ಕದಲ್ಲಿ ಕೆಂಪು ಅಂಕಿ. ಇಳಿಯುತ್ತಿತ್ತು. ಸ್ವಲ್ಪ ನಿಂತು ಮತ್ತೆ ಇಳಿಯುತ್ತಿತ್ತು. ಕೆಳಗೆ 'ಮಾರು' ಎನ್ನುವ ಗುಂಡಿ. ನನ್ನ ಬೆರಳಿಗಾದರೆ ಅದು ಕೇಳುತ್ತದೆ. ಒಂದು ಸಲ ಮುಟ್ಟಿದರೆ ಅವರ ಮುಪ್ಪು ಉಳಿದೀತು, ಇಲ್ಲವೇ ಹಾಳಾದೀತು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತೆ.

ಮಧ್ಯಾಹ್ನ ಅದು ಬಡಿದುಕೊಂಡಿತು. 'ಮನಿ' ಎಂದು ತೋರಿಸಿತು. ಅವರ ಹೆಂಡತಿ.

"ನೀನಾ ಯವ್ವಾ? ಅವ್ರ ಎಲ್ಲದಾರ? ಊಟಕ್ಕ ಬಂದಿಲ್ಲ. ಗುಳಿಗಿನೂ ತೊಗೊಂಡಿಲ್ಲ."

"ಬರ್ತಾರಮ್ಮ. ಇಲ್ಲೇ ಎಲ್ಲೋ…"

"ಬೆಳಿಗ್ಗೆ ಎದ್ದಾಗಿಂದ ಮುಖ ಒಂಥರಾ ಇತ್ತವ್ವ. ಮುಂಜಾನಿ ನನ್ನ ಕೇಳಿದ್ರು, ನಾ ಇಲ್ಲಂದ್ರ ನಿನಗ ನಡೀತತೇನು ಅಂತ. ನಾ ಹುಚ್ಚಿ, ಚಾಷ್ಟಿ ಅಂದ್ಕೊಂಡೆ."

ಚಪ್ಪಲಿ ಮೆಟ್ಟಿ ಕಾಲುವೆಯ ಕಡೆ ಓಡಿದೆ. ನೀರು ದಡ ಮುಟ್ಟಿ ಹರಿಯುತ್ತಿತ್ತು, ಕೆಂಪಗೆ, ಸದ್ದಿಲ್ಲದೆ. ಬಟ್ಟೆ ಒಗೆಯುವ ಹೆಂಗಸರನ್ನು ಕೇಳಿದೆ, ಪಂಚೆ ಉಟ್ಟ ಒಬ್ಬ ಹಿರಿಯರು ಈ ಕಡೆ ಬಂದರೇ ಎಂದು. "ಎಷ್ಟೋ ಮಂದಿ ಬರ್ತಾರವ್ವ," ಎಂದರು. ಸೇತುವೆಯ ಕಂಬಿಯ ಮೇಲೆ ಯಾರೋ ಮರೆತ ಒಂದು ಟವೆಲ್ಲು ಒಣಗುತ್ತಿತ್ತು. ಅವರದಲ್ಲ, ಅವರದಕ್ಕೆ ಹಸಿರು ಅಂಚು. ಅಲ್ಲ ಎಂದು ಗೊತ್ತಿದ್ದರೂ ಹತ್ತಿರ ಹೋಗಿ ಮುಟ್ಟಿ ನೋಡಿದೆ.

ಮನೆಗೆ ಮರಳುವಷ್ಟರಲ್ಲಿ ಮೂರೂವರೆ ದಾಟಿತ್ತು. ಅಂಕಿ ನಿಂತುಬಿಟ್ಟಿತ್ತು. ಬೆಳಗಿನದಕ್ಕಿಂತ ಬಹಳ ಕೆಳಗೆ. ಮಾರಿರಲಿಲ್ಲ. ಇನ್ನು ನಾಳೆಯವರೆಗೆ ಯಾರೂ ಏನೂ ಮಾಡುವಂತಿರಲಿಲ್ಲ. ಪೊಲೀಸರಿಗೆ ಹೇಳಬೇಕೋ, ಯಜಮಾನರು ಬರುವವರೆಗೆ ಕಾಯಬೇಕೋ ತಿಳಿಯದೆ ಗೇಟಿನ ಬಳಿ ನಿಂತೆ. ಅವರ ಮನೆಯಿಂದ ಮತ್ತೆ ಮತ್ತೆ ಕರೆ. ಎತ್ತಲು ಧೈರ್ಯವಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯಾಕೆ ಆಟೋದಿಂದ ಇಳಿದಳು. ಎರಡೂ ಕೈಯಲ್ಲಿ ಹೊಸ ಮಳಿಗೆಯ ಚೀಲ. ಚಿಲ್ಲರೆ ಎಣಿಸುತ್ತ, ನನ್ನ ಕಡೆ ಸರಿಯಾಗಿ ನೋಡದೆಯೇ ಅಂದಳು:

"ಅಕ್ಕಾ, ನಿಮ್ಮ ಸಾವ್ಕಾರ್ರು ಈ ವಯಸ್ಸಿನ್ಯಾಗ ಕೆಲಸಕ್ಕ ಸೇರ್ಯಾರೇನ್ರಿ? ಹೊಸ ಅಂಗ್ಡ್ಯಾಗ ಮೊಸರಿನ ಡಬ್ಬಿ ಜೋಡಸಾಕತ್ತಿದ್ರು, ಮಧ್ಯಾಹ್ನದಿಂದ ಅಲ್ಲೇ ಅದಾರಂತ. ಮ್ಯಾನೇಜರ್ ಒಂದು ಸ್ಟೂಲ್ ತಂದು ಕೊಟ್ಟು, ಚಾ ತರಿಸಿ, ಹೆಂಗ ಇಡಬೇಕು ತೋರಸ್ರಿ ಅಂತ ಪಕ್ಕದಾಗ ನಿಂತು ಕೇಳಾಕತ್ತಿದ್ದ. ಭಾಳ ಚಲೋ ಮಂದಿ ಬಿಡ್ರಿ ಅಲ್ಲಿ."