ಪದ್ಮಮ್ಮನವರ ನಾಲ್ಕು ನಿಮಿಷ

ಸುಗುಣಾ, ನಿಮ್ಮ ನೃತ್ಯದ ಕೊನೆಯನ್ನು ನಾನು ನೋಡಿರಲಿಲ್ಲ. ನೋಡದೆಯೇ ಅದು ಸಡಿಲವೆಂದು ಬರೆದೆ. ಆರು ವರ್ಷ ನಿಮಗೆ ಇದನ್ನು ಹೇಳಲಿಲ್ಲ.

ಖಚಿತವಾದದ್ದು ಇಷ್ಟೇ. ಉಳಿದದ್ದರ ಬಗ್ಗೆ — ಎಷ್ಟು ಹೊತ್ತು ಹೊರಗಿದ್ದೆ, ಒಳಗೆ ಬಂದಾಗ ಏನು ಕಂಡೆ — ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಯಾವ ಸಾಕ್ಷಿಯನ್ನೂ ಸುಮ್ಮನೆ ನಂಬಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಆದರೆ ಅನುಮಾನದ ಹಿಂದೆ ಅಡಗಿ ಕೂರುವುದು ಸುಲಭ. ಅದಕ್ಕೇ ಖಚಿತವಿರುವುದನ್ನು ಮೊದಲೇ ಬರೆದುಬಿಟ್ಟೆ.

ಆ ವರ್ಷ ಬೆಂಗಳೂರಿನ ನೃತ್ಯ ತಂಡವು ಹೊಸ ಸಂಯೋಜಕರಿಗೆ ಕೊಡುವ ಬೆಂಬಲಕ್ಕೆ ನಿಮ್ಮನ್ನು ಆರಿಸಿತ್ತು. ಆರು ತಿಂಗಳು ನಾಲ್ವರು ನರ್ತಕರು, ತಾಲೀಮಿಗೆ ಜಾಗ, ಒಪ್ಪಿಗೆಯಾದರೆ ಬೆಂಗಳೂರಿನ ರಂಗದ ಮೇಲೆ ಒಂದು ಸಂಜೆ. ತಂಡದ ಪರವಾಗಿ ನೋಡಿ ಬರುವವನು ನಾನು. ಕುಣಿಯಲಾರೆ, ಕುಣಿತದ ಬಗ್ಗೆ ಪಿಎಚ್.ಡಿ. ಮಾಡಿದ್ದೆ. ಯಳಂದೂರಿನವನು, ಆ ಕಡೆಯದೆಲ್ಲ ಗೊತ್ತಿರುತ್ತದೆ ಎಂದು ನನ್ನನ್ನೇ ಕಳಿಸಿದರು. ಮುಗಿಯದ ಕೃತಿಯನ್ನು ಯಾರೂ ವಿಡಿಯೊ ಮಾಡಬಾರದು ಎಂಬುದು ತಂಡದ ನಿಯಮ — ಹೊಸಬರು ಹೆದರದೆ ತಪ್ಪು ಮಾಡಲಿ ಎಂದು. ಒಳ್ಳೆಯ ನಿಯಮವೇ. ಆದರೆ ಅದರಿಂದಾಗಿ, ಬೆಂಗಳೂರಿನಲ್ಲಿ ಕೂತವರಿಗೆ ನನ್ನ ವರದಿಯೊಂದೇ ಕಣ್ಣು.

ಕೊಳ್ಳೇಗಾಲದ ಕಲ್ಯಾಣ ಮಂಟಪದ ಮಹಡಿ, ಮಧ್ಯಾಹ್ನ. ನಿಮ್ಮ ನರ್ತಕರು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುವವರಂತೆ ತುಳಿಯುತ್ತಿದ್ದರು. ಒಬ್ಬಳ ಕಾಲು ನಿಂತರೆ ಉಳಿದ ಮೂವರ ಮೈ ಭಾರವಾಗುತ್ತಿತ್ತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆಗ ಫೋನು ಜೇಬಿನಲ್ಲಿ ಅದುರಿತು. ಒಂದು ಅಧ್ಯಾಪಕ ಹುದ್ದೆಗೆ ಸಂದರ್ಶನ ಕೊಟ್ಟಿದ್ದೆ, ಅದರ ಫಲಿತಾಂಶ. ಮೆಟ್ಟಿಲಿಗೆ ಹೋದೆ. ಕೆಲಸ ಸಿಕ್ಕಿರಲಿಲ್ಲ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆನೋ ಏನೋ —

ಬಾಗಿಲಿಗೆ ಬಂದಾಗ ನರ್ತಕರು ಅಲುಗದೆ ನಿಂತಿದ್ದರು. ಅವರ ನಡುವೆ ನಿಮ್ಮ ತಾಯಿ ಪದ್ಮಮ್ಮ ನೆಲದ ಮೇಲೆ ಕೂತಿದ್ದರು. ಕುಣಿತ ಮುಗಿದಿದೆ, ಅಮ್ಮ ಬಿದ್ದದ್ದೇನನ್ನೋ ಎತ್ತಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಚಪ್ಪಾಳೆ ತಟ್ಟಿದೆ. ಮೊದಲು ತಟ್ಟಿದವನು ನಾನೇ ಇರಬಹುದು. ಅಥವಾ ನೋಡಲು ಬಂದಿದ್ದವರೆಲ್ಲ ಆಗಲೇ ತಟ್ಟುತ್ತಿದ್ದರೇ? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೆಂದರೆ, ಈಗ ಎರಡೂ ನೆನಪು ನನ್ನಲ್ಲಿವೆ.

ಹನೂರಿನಲ್ಲಿ ಇನ್ನೊಬ್ಬರ ಕೃತಿ ನೋಡುವುದಿತ್ತು. ನಾನು ಚೀಲ ಎತ್ತಿಕೊಂಡದ್ದನ್ನು ನೋಡಿ ನಿಮ್ಮ ತಾಯಿ, "ಇದೇನ್ ಸಾ, ತಿಂಡಿ ತಿನ್ದೆ ಒಂಟೋಯ್ತೀರಾ? ಉಪ್ಪಿಟ್ಗೆ ನಾವೇನ್ ಔಸ್ದಿ ಆಕಿಲ್ಲ ಕಣ್ರಿ," ಎಂದರು. ಎಲ್ಲರೂ ನಕ್ಕರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಏನನ್ನೋ ಕೇಳಲು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ನಾನು ಎರಡು ತುತ್ತು ತಿಂದು, ಉಪ್ಪಿಟ್ಟು ಚೆನ್ನಾಗಿದೆ ಎಂದೆ.

ಹನೂರಿನ ಬಸ್ಸಿನಲ್ಲಿ ವರದಿ ಬರೆದೆ. ಮೊದಲ ಭಾಗವನ್ನು ಹೊಗಳಿದೆ. ಆಮೇಲೆ — ಪೂರ್ತಿ ನೋಡಿದವನಂತೆ ಕಾಣಬೇಕಲ್ಲ — ಕೊನೆಯ ಬಗ್ಗೆ ಎರಡು ಸಾಲು: "ಅಂತ್ಯ ಸಡಿಲ. ವೇಗ ಅಲ್ಲಿ ಕುಸಿಯುತ್ತದೆ." ಯಾವ ಕೃತಿಗೂ ಹೊಂದುವ ಮಾತು. ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ.

ಹದಿನೈದು ದಿನದ ಮೇಲೆ ಆ ವರದಿಯನ್ನು ಹಿಡಿದು ನೀವು ಯಳಂದೂರಿನ ನಮ್ಮ ಮನೆಗೆ ಬಂದಿರಿ. ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದಿರಿ:

"ಸಡಿಲ ಅಂದ್ರೆ ಅವ್ವ ಬರಾದಾ ಸಾ? ಎಳೆ ಒಸೆಯೋದಾ?"

ಆಗಲೇ ನನಗೆ ಗೊತ್ತಾದದ್ದು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸಬೇಕು. ನಿಮ್ಮ ಮನೆಯಲ್ಲಿ ಅದು ಅಮ್ಮನ ಕೆಲಸ, ಸೀರೆ ನೋಡಿದವರು ಅದನ್ನು ಕಾಣುವುದೇ ಇಲ್ಲ ಎಂದಿರಿ. ಕೊನೆಯ ನಾಲ್ಕು ನಿಮಿಷ ಕುಣಿಯುವವರು ನಿಲ್ಲುತ್ತಾರೆ, ಅಮ್ಮನ ಬೆರಳು ಮಾತ್ರ ನೂಲಿಲ್ಲದೆ ಹೊಸೆಯುತ್ತದೆ. ಇಡೀ ಕೃತಿ ಹೊರಟಿದ್ದೇ ಅಲ್ಲಿಗೆ.

ನಾನು ನೋಡಲಿಲ್ಲ ಎನ್ನಬಹುದಿತ್ತು. ಎರಡೇ ಪದ. ನಾನು ಹೇಳಿದ್ದು ಬೇರೆ: "ಹೌದು. ಅಮ್ಮನನ್ನು ಬಿಡಿ. ಅವರಿಲ್ಲದೆ ಕೃತಿ ನಿಲ್ಲಬೇಕು."

ನೀವು ಪುಸ್ತಕ ತೆಗೆದು ಅದನ್ನು ಬರೆದುಕೊಂಡಿರಿ.

ನೋಡದೆ ಬರೆದದ್ದನ್ನು ಸೋಮಾರಿತನ ಎನ್ನಬಹುದೇನೋ. ಅಂದು ನಿಮಗೆ ಹೇಳಿದ್ದಕ್ಕೆ ಬೇರೆ ಹೆಸರಿದೆ. ಕಣ್ಣೆದುರು ಕೂತಿದ್ದಿರಿ, ನಿಮ್ಮ ಕೈಯಲ್ಲಿ ಪೆನ್ನಿತ್ತು — ನಾನು ನನ್ನ ಮರ್ಯಾದೆ ಉಳಿಸಿಕೊಂಡೆ.

ಬೆಂಗಳೂರಿನ ಪ್ರದರ್ಶನ ಚೆನ್ನಾಗಿಯೇ ಆಯಿತು. ಸರಿಯಾದ ಜಾಗದಲ್ಲಿ ಕತ್ತರಿಸಲು ಹೇಳಿದಿರಿ ಎಂದು ತಂಡದ ಮುಖ್ಯಸ್ಥೆ ನನ್ನ ಕೈ ಕುಲುಕಿದರು. ನಿಮ್ಮ ತಾಯಿ ಮೂರನೆಯ ಸಾಲಿನಲ್ಲಿ, ಮನೆಯಲ್ಲೇ ನೇಯ್ದ ಸೀರೆ ಉಟ್ಟು ಕೂತಿದ್ದರು. ಹೊರಗೆ ಸಿಕ್ಕಾಗ ಅವರೇ ಮಾತಾಡಿಸಿದರು: "ನಾನು ಬಂದ್ರೆ ಕೆಟ್ಟೋಯ್ತದೆ ಅಂದ್ರಂತಲ್ಲಾ ಸಾ, ಸರ್ಯಾಗೇಳಿದ್ರಿ ಬುಡಿ. ನಂಗೇನ್ ಗೊತ್ತು ಕುಣಿಯಾದು? ಇವ್ಳು ಕರದ್ಲು ಅಂತ ಓಗಿ ಕೂತ್ಕಂಡಿದ್ದೆ." ಅವರು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದಾಗ ಮಾತ್ರ ನನಗೆ ಅನುಮಾನ ಬರುವುದಿಲ್ಲ.

ಹೋದ ವಾರ ನೀವು ಫೋನು ಮಾಡಿದಿರಿ. ತಂಡ ಆ ಕೃತಿಯನ್ನು ಮತ್ತೆ ಆಡಿಸುತ್ತಿದೆ, ಈ ಸಲ ಹಳೆಯ ಕೊನೆಯೇ ಬೇಕು ಎಂದಿರಿ. "ಅವ್ವ ಒಪ್ತಾನೇ ಇಲ್ಲ ಸಾ. ಓದ್ದೋರು ಬ್ಯಾಡ ಅಂದ್ಮೇಲೆ ನಾನ್ಯಾಕ್ ಬಂದು ನಗಾಡಿಸ್ಕಳ್ಳಿ ಕಣಮ್ಮಿ ಅಂತಾಳೆ. ಬೆರಳು ಬೇರೆ ನಡುಗ್ತವೆ, ಇನ್ನೊಂದ್ ವರ್ಸ ಬುಟ್ರೆ ಆಗಕಿಲ್ಲ. ನೀವೊಂದ್ ಮಾತೇಳಿ ಸಾ. ಈಗ ಚೆನ್ನಾಗ್ ಕಾಣ್ತದೆ ಅಂದ್ರೂ ಸಾಕು."

ಹೇಳಿದ್ದರೆ ಕೆಲಸವಾಗುತ್ತಿತ್ತು. ಅಭಿಪ್ರಾಯ ಬದಲಿಸಿಕೊಂಡ ದೊಡ್ಡ ಮನುಷ್ಯನಾಗುತ್ತಿದ್ದೆ. ನೋಡೋಣ ಎಂದು ಫೋನಿಟ್ಟೆ. ನಿಮ್ಮ ತಾಯಿ ಆರು ವರ್ಷದಿಂದ ನಂಬಿರುವುದು ನನ್ನ ಕಣ್ಣನ್ನು. ಇನ್ನೊಂದು ಸಲ ಅದನ್ನೇ ನಂಬಿ ಎಂದು ಯಾವ ಬಾಯಲ್ಲಿ ಹೇಳಲಿ?

ಇವತ್ತು ಬೆಳಿಗ್ಗೆ ತಂಡದ ಮುಖ್ಯಸ್ಥೆಗೆ ಎಲ್ಲವನ್ನೂ ಬರೆದೆ. ಇನ್ನು ಮುಂದೆ ಯಾರ ಕೃತಿಯನ್ನೂ ನೋಡಲು ನನ್ನನ್ನು ಕಳಿಸಬೇಡಿ ಎಂದೂ ಬರೆದೆ. ಭಾನುವಾರ ಕೊಳ್ಳೇಗಾಲಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಇದು ನಿಮ್ಮ ಕೈ ಸೇರಲಿ. ನನ್ನನ್ನು ಒಳಗೆ ಬಿಡುವುದು ಬೇಡವೆನ್ನಿಸಿದರೆ ಬಿಡಬೇಡಿ. ಬಿಟ್ಟರೆ, ಪದ್ಮಮ್ಮನವರ ಎದುರು ಹೇಳುವುದು ಇಷ್ಟೇ — ನೀವು ಬಂದದ್ದರಿಂದ ಏನೂ ಕೆಡಲಿಲ್ಲ ಅಮ್ಮಾ, ನಾನು ನೋಡಲೇ ಇಲ್ಲ.

ಅದನ್ನು ಕೇಳಿದ ಮೇಲೂ ಅವರು ಬರಲಾರೆ ಎನ್ನಬಹುದು. ಹಾಗೆಂದರೆ ನೀವು ಅವರನ್ನು ಒತ್ತಾಯಿಸಬೇಡಿ.