ಬೋರಣ್ಣನವರ ಲಾನಿಗೆ ಕೊಟ್ಟಿಗೆ ಗೊಬ್ಬರ

ಹುಲ್ಲು ಕಂಡರೆ ಕಿತ್ತೆಸೆಯುವ ಮನುಷ್ಯನಿಗೆ ಹುಲ್ಲು ಬೆಳೆಸು ಅಂದರೆ ಏನಾಗುತ್ತದೆ ಅಂತ ನನ್ನನ್ನು ಕೇಳಿ. ನಾನು ಪಂಕಜಾ, ರಿಟೈರ್ಡ್ ಗಣಿತದ ಮೇಡಂ. ಪುಟ್ಟೇನಹಳ್ಳಿಯಲ್ಲಿ ಬೋರಣ್ಣನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಬಾಲ್ಕನಿಯ ಕೆಳಗೇ ಅವರ ಲಾನು. ಹಾಗಾಗಿ ಇದೆಲ್ಲ ನಾನು ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದಲ್ಲ.

ಬೋರಣ್ಣನವರಿಗೆ ಮದುವೆಯಾದ ಹೊಸದರಲ್ಲಿ ಈ ಜಾಗವೆಲ್ಲ ಅವರ ರಾಗಿ ಹೊಲ. ಈಗ ಅಲ್ಲಿ ಅಪಾರ್ಟ್‌ಮೆಂಟು, ಜಿಮ್ಮು, ಮೊಮೊ ಅಂಗಡಿ. ಹಳೆಯದನ್ನು ನೆನೆದು ಕೊರಗುವ ಆಸಾಮಿ ಅವರಲ್ಲ, ಬಾಡಿಗೆ ಬರುತ್ತದೆ, ಆರಾಮಾಗಿದ್ದಾರೆ. ಆದರೆ ಕೈ ಸುಮ್ಮನಿರಬೇಕಲ್ಲ! ಫುಟ್‌ಪಾತಿನ ಕಲ್ಲಿನ ಸಂದಿಯಲ್ಲಿ ಗರಿಕೆ ಕಂಡರೂ ಬಗ್ಗಿ ಕಿತ್ತೇ ಮುಂದೆ ಹೆಜ್ಜೆ. ಒಂದು ಸಲ ಬನಶಂಕರಿಯಲ್ಲಿ ಯಾರದೋ ಮನೆ ಮುಂದಿನ ಕುಂಡದಲ್ಲಿ ಕಳೆ ಕೀಳಲು ಕೂತುಬಿಟ್ಟಿದ್ದರು. ನಾನೇ ಬೈದು ಎಬ್ಬಿಸಿಕೊಂಡು ಬಂದೆ.

ಇಂಥವರ ಮಗಳು ದಿವ್ಯ ಹಟ ಹಿಡಿದಳು. ನಿಶ್ಚಿತಾರ್ಥಕ್ಕೆ ಛತ್ರ ಬೇಡ, ಮನೆ ಲಾನಿನಲ್ಲೇ ಆಗಬೇಕು. ಹುಡುಗನ ಮನೆ ಜಯನಗರದಲ್ಲಿ, ಅವರ ಲಾನು ಜಮಖಾನ ಹಾಸಿದ ಹಾಗಿದೆ.

“ನಮ್ದು ನೋಡಪ್ಪ, ನಾಯಿ ಹೊರಳಾಡಿದ ಹಾಗಿದೆ. ಅವ್ರ ಮುಂದೆ ನನ್ ಮರ್ಯಾದೆ ಹೋಗುತ್ತೆ” ಅಂದಳು.

ಹೇಳಿದ್ದು ಸುಳ್ಳೇನಲ್ಲ. ಹುಲ್ಲು ಹಳದಿ ತಿರುಗಿ ಅಲ್ಲಲ್ಲಿ ಬೋಳಾಗಿತ್ತು. ನಾನು ಬಾಲ್ಕನಿಯಿಂದಲೇ ಹೇಳಿದೆ, “ಬೋರಣ್ಣ, ಲಾನಿಗೆ ಅಂತಲೇ ಗೊಬ್ಬರ ಸಿಗತ್ತೆ ನರ್ಸರೀಲಿ. ಉದುರಿಸಿ ನೀರು ಬಿಡಿ, ಮುಗೀತು.”

“ಬುಡಿ ಪಂಕಜಮ್ಮಾವ್ರೇ! ಹುಲ್ಗೂ ಪ್ಯಾಕೆಟ್ಟಾ? ಕೊಟ್ಗೆ ಗೊಬ್ರದ ಮುಂದೆ ಅವೆಲ್ಲ ಯಾವ ಲೆಕ್ಕ?”

ಬೇಗೂರಿನಲ್ಲಿ ಅವರ ಭಾವಮೈದುನ ಹಸು ಸಾಕಿದ್ದಾನೆ. ಅಲ್ಲಿ ಹಳೇ ಗೊಬ್ಬರ ಖಾಲಿಯಾಗಿ, ತಿಪ್ಪೆಯ ಮೇಲ್ಗಡೆಯದು ಮಾತ್ರ ಉಳಿದಿತ್ತು. ಅದನ್ನೇ ಆಟೋದಲ್ಲಿ ತುಂಬಿಸಿಕೊಂಡು ಬಂದರು. ಅವರ ಹೆಂಡತಿ ಸೊಣ್ಣಮ್ಮ ಒಂದು ಹಿಡಿ ತೆಗೆದು ನೋಡಿದವರೇ, “ಇದಿನ್ನೂ ಕೊಳೆತಿಲ್ಲ, ಹುಲ್ಲುಕಡ್ಡಿ ಹಂಗೇ ಅವೆ. ಬ್ಯಾಡ” ಅಂದರು.

“ಮಗ್ಳು ಫಂಕ್ಷನ್ನು ಗೊಬ್ರ ಕೊಳೆಯೋ ತಂಕ ಕಾಯ್ತದಾ?” ಅಂತ ಬೋರಣ್ಣನವರು ರೇಗಿದರು.

ಕೆಲಸವೇನೋ ಅಚ್ಚುಕಟ್ಟು. ಹುಲ್ಲನ್ನು ಗಿಡ್ಡಕ್ಕೆ ಕತ್ತರಿಸಿ, ಮಣ್ಣಿಗೆ ಗಾಳಿಯಾಡಲೆಂದು ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಗೊಬ್ಬರ ಒಣಗಿಸಿ ಪುಡಿ ಮಾಡಿ ತೆಳ್ಳಗೆ ಎರಚಿ ನೀರು ಬಿಟ್ಟರು. ಬೀದಿಯೆಲ್ಲ ಗಬ್ಬು. ಎದುರು ಅಪಾರ್ಟ್‌ಮೆಂಟಿನವರು ವಾಟ್ಸಾಪಿನಲ್ಲಿ ಗೊಣಗಿದರು, ಗೊಣಗಲಿ ಬಿಡಿ. ಮಳೆಯೂ ಕೈಹಿಡಿಯಿತು. ನೋಡುನೋಡುತ್ತಿದ್ದಂತೆ ಲಾನು ಹಸಿರಾಯಿತು, ಬೋಳು ಜಾಗವೂ ತುಂಬಿಕೊಂಡಿತು. “ಅಪ್ಪ, ಸಖತ್!” ಅಂತ ದಿವ್ಯ ಫೋಟೋ ತೆಗೆದು ಹುಡುಗನಿಗೆ ಕಳಿಸಿದಳು.

ಬೋರಣ್ಣನವರು ಮಾತ್ರ ಮೊದಲು ಬೋಳಾಗಿದ್ದ ಜಾಗದ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಸವರುತ್ತಿದ್ದರು. ಮುಖ ಅರಳಿತ್ತು, ಹಿಂದೆಯೇ ಬಾಡಿತು. “ಪಂಕಜಮ್ಮಾವ್ರೇ, ಇದು ಹುಲ್ಲಲ್ಲ. ರಾಗಿ!”

ಹಸುಗಳು ತಿಂದು ಬಿಟ್ಟ ರಾಗಿಹುಲ್ಲಿನಲ್ಲಿದ್ದ ಕಾಳು, ಗೊಬ್ಬರದ ಜೊತೆ ಬಂದು ಲಾನಿನಲ್ಲಿ ಮೊಳೆತಿತ್ತು.

ದಿವ್ಯಳ ಮುಖ ಸಣ್ಣಗಾಯಿತು. “ಲಾನಲ್ಲಿ ರಾಗಿನಾ? ಅವ್ರು ಬಂದು ನೋಡಿದ್ರೆ ನಗ್ತಾರಪ್ಪ. ಎಲ್ಲ ಕಿತ್ತಾಕು, ಪ್ಲೀಸ್.”

“ಆಯ್ತು ಕಣವ್ವ” ಅಂದರು. ದಿನ ದೂಡಿದರು. ನಿಶ್ಚಿತಾರ್ಥದ ಹಿಂದಿನ ದಿನ ವಿಧಿಯಿಲ್ಲದೆ ಸಣ್ಣ ಕುಡುಗೋಲು ಹಿಡಿದು ಒಂದು ಮೂಲೆಯಲ್ಲಿ ಕೂತರು. ಸೊಣ್ಣಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ನಾನು ಬಾಲ್ಕನಿಯಲ್ಲಿ. ನಾಳೆ ಹೋಳಿಗೆಯೋ ಜಾಮೂನೋ ಅಂತ ಮೂವರಿಗೂ ಜಗಳ. ಬೋರಣ್ಣನವರದು ಹೋಳಿಗೆ ಪಕ್ಷ. ಮಾತು ನಮ್ಮ ಕಡೆ, ಕೈ ಮಣ್ಣಿನ ಕಡೆ. ಸಾಯಂಕಾಲದ ಹೊತ್ತಿಗೆ ಸೊಂಟ ಹಿಡಿದುಕೊಂಡು ಎದ್ದು, ಕೆಲಸ ಮುಗಿಯಿತು ಅನ್ನುವ ಹಾಗೆ ಕೈ ಕೊಡವಿದರು.

ದಿವ್ಯ ಆಫೀಸಿನಿಂದ ಬಂದವಳು ಗೇಟಿನಲ್ಲೇ ಚೀರಿದಳು. “ಅಪ್ಪಾ! ಹುಲ್ಲೆಲ್ಲಪ್ಪ?”

ಹುಲ್ಲು ಗೇಟಿನ ಪಕ್ಕ ಗುಡ್ಡೆ ಬಿದ್ದಿತ್ತು. ರಾಗಿ ಪೈರು ಒಂದೂ ಅಲುಗದೆ ನಿಂತಿತ್ತು. ಕೀಳಬೇಕಾದ್ದನ್ನು ಉಳಿಸಿ, ಉಳಿಸಬೇಕಾದ್ದನ್ನು ಕಿತ್ತಿದ್ದರು ಪುಣ್ಯಾತ್ಮರು! ನನಗಾದರೂ ತಿಳಿಯಬಾರದಿತ್ತೇ ಅನ್ನಬೇಡಿ, ಮೇಲಿನಿಂದ ಎರಡೂ ಹಸಿರೇ.

ಬೋರಣ್ಣನವರು ಗುಡ್ಡೆ ನೋಡಿದರು, ತಮ್ಮ ಕೈ ನೋಡಿಕೊಂಡರು. “ಅಯ್ಯೋ ಶಿವನೇ… ಬೇಕಂತ ಮಾಡ್ಲಿಲ್ಲ ಕಣವ್ವ. ಕೈಗೆ ಅಷ್ಟೇ ಗೊತ್ತಿರೋದು.”

ದಿವ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮನುಷ್ಯ ಅಂಗಳದಲ್ಲೇ ಕೂತುಬಿಟ್ಟರು.

ಬೆಳಿಗ್ಗೆ ಶಾಮಿಯಾನದವರು ಬಂದರು. ಬೋರಣ್ಣನವರು ಹೊಸ ಪಂಚೆಯುಟ್ಟು ಕುಡುಗೋಲು ಹಿಡಿದು ಬಂದರು, ಪೈರು ಕೊಯ್ದು ಮೇಲೆ ಕಾರ್ಪೆಟ್ ಹಾಸಿಸೋಣ ಅಂತ. ಬಗ್ಗಿದರು. ಬಗ್ಗಿದವರು ಹಾಗೇ ನಿಂತರು, ಕುಡುಗೋಲು ಆಡಲಿಲ್ಲ. ಅಷ್ಟರಲ್ಲಿ ಕುರ್ಚಿ ಹೊತ್ತ ಆಳೊಬ್ಬ ಲಾನಿಗೆ ಕಾಲಿಡಲು ಹೋದ.

“ಅಣ್ಣಾ, ಅಲ್ಲಿ ತುಳೀಬೇಡಿ! ಪೈರಿದೆ!”

ದಿವ್ಯ! ಅಪ್ಪ ಬಗ್ಗಿ ನಿಂತದ್ದನ್ನು ಕಿಟಕಿಯಿಂದ ನೋಡಿರಬೇಕು, ಅರ್ಧ ಹೆಣೆದ ಜಡೆಯಲ್ಲೇ ಓಡಿ ಬಂದಿದ್ದಳು. ಅಪ್ಪನ ಕೈಯಿಂದ ಕುಡುಗೋಲು ಕಿತ್ತುಕೊಂಡು, ಶಾಮಿಯಾನವನ್ನು ಬೀದಿಯಲ್ಲಿ ಹಾಕಿ ಅಂತ ಆಳುಗಳಿಗೆ ಹೇಳಿದಳು. ಆ ಹುಡುಗಿಯ ಬಾಯಲ್ಲಿ ‘ಪೈರು’ ಅನ್ನುವ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಅವರಪ್ಪನೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಹೊಸ ಪಂಚೆಯ ತುದಿಯಲ್ಲೇ ಕಣ್ಣೊರೆಸಿಕೊಂಡರು. ನಾನೂ ಬಾಲ್ಕನಿಯಲ್ಲಿ ನಿಂತು ಅತ್ತೆ, ಅದರಲ್ಲೇನು ನಾಚಿಕೆ?